ಹೆಸರು ಹಿಡಿದು

"ರಾಚೂ!" ಎಂದು ಪಕ್ಕದ ಖೋಲಿಯಿಂದ ಸೇವಂತಿ ಕೂಗಿದಳು. ಕಾಶವ್ವನ ಮೊಣಕಾಲುಗಳ ನಡುವೆ ಕೂತಿದ್ದ ಹುಡುಗಿ, ಒಂದು ಜಡೆ ಮುಗಿದು ಇನ್ನೊಂದು ಅರ್ಧಕ್ಕೆ ನಿಂತಿದೆ ಎಂಬುದನ್ನೂ ಲೆಕ್ಕಿಸದೆ, "ಬಂದೆ ಮಾವಶೀ!" ಎಂದು ಎದ್ದು ಓಡಿತು. ಕಾಶವ್ವನ ಕೈಯಲ್ಲಿ ಎರಡನೆಯ ಜಡೆಯ ಕೆಂಪು ರಿಬ್ಬನ್ನು ಮಾತ್ರ ಉಳಿಯಿತು. ಹತ್ತು ನಿಮಿಷದಿಂದ ಅವಳು ಮಗಳನ್ನು ಹಿಡಿದು ಕೂರಿಸಲು ಏನೆಲ್ಲ ಅಂದಿದ್ದಳು. ಏ ಹುಡುಗಿ ಅಂದಿದ್ದಳು, ತಂಗೆವ್ವಾ ಅಂದಿದ್ದಳು, ಸುಮ್ನ ಕುಂಡರ ನನ್ನವ್ವಾ ಎಂದು ಗದ್ದ ಹಿಡಿದು ಬೇಡಿಕೊಂಡಿದ್ದಳು. ಹುಡುಗಿ ಒಂದಕ್ಕೂ ಕಿವಿಗೊಡದೆ ಮೀನಿನಂತೆ ಹೊರಳಾಡುತ್ತಲೇ ಇತ್ತು. ಗೋಡೆಯ ಆಚೆಯಿಂದ ಎರಡು ಅಕ್ಷರ ಬಂದದ್ದೇ ತಡ, ಬಾಣ ಬಿಟ್ಟ ಹಾಗೆ ಹೋಯಿತು. ಮೀನು ಎಂಬ ಮಾತು ತನ್ನ ಮನಸ್ಸಿಗೆ ಯಾಕೆ ಬಂತು ಎಂದು ಕಾಶವ್ವ ತನ್ನ ಮೇಲೆಯೇ ಸಿಟ್ಟಾದಳು. ಹೊಟ್ಟೆಕಿಚ್ಚು ಎಂದರೆ ಇದೇ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಬೇರೆ ಹೆಸರು ಹುಡುಕುವಷ್ಟು ಕಪಟ ಅವಳಲ್ಲಿರಲಿಲ್ಲ. ದಿನಾ ಬೆಳಿಗ್ಗೆ ಹಾಲಿನ ಬಾಟಲಿ ಬರುವ ಹೊತ್ತಿಗೆ ಅದೂ ಬರುತ್ತಿತ್ತು, ಹೊತ್ತು ಏರಿದಂತೆ ಕೆಲಸದಲ್ಲಿ ಮರೆಯಾಗುತ್ತಿತ್ತು. ಇವತ್ತು ಮಾತ್ರ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡು ಕೂತವಳಿಗೆ ಏಳಬೇಕು ಅನ್ನಿಸಲಿಲ್ಲ.

ಆ ಎರಡು ಅಕ್ಷರ ಅವಳ ಬಾಯಲ್ಲಿ ಬರುವಂತಿರಲಿಲ್ಲ. ಮಗಳು ಹೊಟ್ಟೆಯಲ್ಲಿ ಏಳು ತಿಂಗಳಿದ್ದಾಗ ಇಂಡಿ ತಾಲೂಕಿನ ಊರಿನಲ್ಲಿ ಅತ್ತೆ ರಾಚವ್ವ ಸತ್ತಳು. ಹೆಣ್ಣು ಹುಟ್ಟಿದ ಕೂಡಲೇ ಗಂಡ ಖಂಡಪ್ಪ, "ನಮ್ಮವ್ವ ಹೊಳ್ಳಿ ಬಂದ್ಳು," ಎಂದು ಅತ್ತ. ತೊಟ್ಟಿಲಿಗೆ ಹಾಕುವ ದಿನ ನಾದಿನಿ ಸೋಮವ್ವ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಆ ಹೆಸರನ್ನೇ ಹೇಳಿದಳು. ಹೆಂಗಸರೆಲ್ಲ ನಕ್ಕು ಸೋಮವ್ವನ ಬೆನ್ನಿಗೆ ಗುದ್ದಿದರು. ಕಾಶವ್ವನೂ ನಕ್ಕಿದ್ದಳು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದು, ಹಾಗಾದರೆ ಮಗಳನ್ನು ತಾನು ಏನೆಂದು ಕರೆಯಬೇಕು ಎಂಬುದು ಆ ಗದ್ದಲದಲ್ಲಿ ಅವಳಿಗೆ ಹೊಳೆದಿರಲಿಲ್ಲ. ಒಂಬತ್ತು ವರ್ಷವಾಯಿತು. ಒಮ್ಮೆ ಅಡ್ಡಹೆಸರು ಇಡೋಣ ಎಂದು ಮೆಲ್ಲಗೆ ಕೇಳಿದ್ದಕ್ಕೆ ಖಂಡಪ್ಪ, "ನಮ್ಮವ್ವನ ಹೆಸರು ನಿನಗ ಭಾರ ಆತೇನು?" ಎಂದು ಎರಡು ದಿನ ಮಾತು ಬಿಟ್ಟಿದ್ದ. ಬದುಕಿದ್ದಾಗ ಹದಿನೈದು ಜನಕ್ಕೆ ರೊಟ್ಟಿ ಬಡಿಸಿದ ಮುದುಕಿ ಸತ್ತ ಮೇಲೂ ಮಗಳ ಹೆಸರಿನೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಹೆಸರೂ ಅವಳದೇ, ಮಗನೂ ಅವಳವನೇ, ಈಗ ಮೊಮ್ಮಗಳೂ. ಕಾಶವ್ವನ ಪಾಲಿಗೆ ಬಂದದ್ದು ಜಡೆ ಹೆಣೆಯುವುದು, ಚಡ್ಡಿ ಒಗೆಯುವುದು, ಹರಿದ ಮೊಣಕಾಲಿಗೆ ಅರಿಶಿನ ಒತ್ತುವುದು.

ಒತ್ತಲು ಮೊಣಕಾಲು ದಿನವೂ ಇದ್ದೇ ಇರುತ್ತಿತ್ತು. ವಿಕ್ರೋಳಿಯ ಈ ಇಡೀ ಚಾಳಿನಲ್ಲಿ ಇವಳಂಥ ಇನ್ನೊಂದು ಹುಡುಗಿ ಇರಲಿಲ್ಲ. ಗ್ಯಾಲರಿಯ ಕಟಾಂಜನದ ಮೇಲೆ ಕುದುರೆ ಸವಾರಿ, ನೀರಿನ ಟಾಕಿಯ ಏಣಿ, ಹಿಂದಿನ ಹುಣಸೆಮರ, ಸ್ಟೇಷನ್ನಿನ ಸೇತುವೆಯಿಂದ ಬಗ್ಗಿ ಲೋಕಲ್ ರೈಲಿನ ಛಾವಣಿಯ ಮೇಲೆ ಉಗುಳುವುದು. ಯುದ್ಧದ ಹೊತ್ತಿನಲ್ಲಿ ಬೆಳಕು ಹೊರಗೆ ಕಾಣದಂತೆ ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದು ಇನ್ನೂ ಅರ್ಧ ಹಾಗೇ ಇತ್ತು. ಉಳಿದರ್ಧವನ್ನು ಇವಳು ಹೊರಗಿನ ಸಜ್ಜೆಯ ಮೇಲೆ ನಿಂತು ಕಿತ್ತು ಗಾಳಿಪಟ ಮಾಡಿದ್ದಳು. ಬಡಿಯೋಣವೆಂದರೆ ಖಂಡಪ್ಪ ಅಡ್ಡ ಬರುತ್ತಿದ್ದ. "ನಮ್ಮವ್ವನ ಮ್ಯಾಲ ಕೈ ಎತ್ತಬ್ಯಾಡ," ಎಂದು ಅವನು ಅರ್ಧ ನಗುತ್ತ ಅಂದರೂ ಉಳಿದರ್ಧ ನಗುತ್ತಿರಲಿಲ್ಲ. ಹೋದ ಶನಿವಾರ ಮಾತ್ರ ಅವನು ಕಾರ್ಖಾನೆಯಲ್ಲಿದ್ದ. ಮಗಳ ಬೆರಳಿನಲ್ಲಿ ವಾಸನೆ ಬಂತು. ಕೊರಳಲ್ಲಿ ಲಿಂಗ ಇರುವ ಕೂಸಿನ ಬೆರಳಿನಲ್ಲಿ, ಉಗುರಿನ ಸಂದಿಯಲ್ಲಿ, ಹುಣಸೆ ಹಾಕಿ ಕುದಿಸಿದ ಮೀನಿನ ವಾಸನೆ. ಕಾಶವ್ವ ತೋಳನ್ನು ಹಿಡಿದು ಜಿಗುಟಿದಳು. ನೀಲಿಗಟ್ಟುವ ತನಕ, ಮಗಳು ಬಾಯಿ ತೆರೆದು ಸದ್ದಿಲ್ಲದೆ ಅಳುವ ತನಕ ಬಿಡಲಿಲ್ಲ. ಜಿಗುಟಿದ್ದು ಮೀನಿಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಜಿಗುಟುವಾಗ ಕಣ್ಣ ಮುಂದೆ ಇದ್ದದ್ದು ಬೇರೆ. ಸೇವಂತಿ ಮುಳ್ಳು ಬಿಡಿಸಿ ಬಿಡಿಸಿ ಕೊಡುತ್ತಿರುವುದು, ಹುಡುಗಿ ಹಕ್ಕಿಮರಿಯಂತೆ ಬಾಯಿ ತೆರೆಯುತ್ತಿರುವುದು. ಮರುದಿನ ಸಂಜೆ ಗಚ್ಚಿಯ ಮೇಲೆ ಒಗೆದ ಬಟ್ಟೆ ತೆಗೆಯಲು ಹೋದಾಗ ಮಗಳು ಗೋಡೆಯ ಅಂಚಿನಲ್ಲಿ ನಡೆಯುತ್ತಿದ್ದಳು. ತಾಯಿಯ ಮುಖ ಕಂಡದ್ದೇ ಹುಡುಗಿ ಹಿಂದೆ ಮುಂದೆ ನೋಡದೆ ಬಾಜೂ ಚಾಳಿನ ತಗಡಿನ ಮೇಲೆ ಹಾರಿಬಿಟ್ಟಿತು. ತಗಡಿನ ಆ ಸದ್ದು ಆಮೇಲೆ ಎಷ್ಟೋ ಹೊತ್ತು ಅವಳ ಹಲ್ಲುಗಳಲ್ಲಿತ್ತು. ಯಾರನ್ನು ಕಂಡರೆ ಮಕ್ಕಳು ಓಡಿ ಬರಬೇಕೋ ಅವಳನ್ನು ಕಂಡು ತನ್ನದು ಹಾರಿ ಓಡುತ್ತದೆ ಎಂದು ಅವಳು ಯಾರಿಗೂ ಹೇಳಲಿಲ್ಲ.

ಹುಡುಗಿ ತಿರುಗಿ ಬಂದದ್ದು ಎರಡೂ ಜಡೆ ಹೆಣೆಸಿಕೊಂಡೇ. ಎರಡನೆಯದು ಇನ್ನೂ ಬಿಗಿಯಾಗಿ, ಚೆಂದವಾಗಿತ್ತು, ತುದಿಗೆ ಹಸಿರು ರಿಬ್ಬನ್ನು. ಒಂದು ಕಡೆ ಕೆಂಪು, ಒಂದು ಕಡೆ ಹಸಿರು. "ಇದೇನ ಅವತಾರ?" ಎಂದು ಕಾಶವ್ವ ಕೇಳಿದರೆ, "ಸಿಗ್ನಲ್ ಅದ!" ಎಂದು ಕುಣಿದು, ಬಾಯಲ್ಲಿದ್ದ ದೋಸೆ ನುಂಗಿ, ಚೀಲ ಎತ್ತಿಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಹೋದಳು. ಆ ಶಾಲೆಗೆ ಸೇರಿಸಿದ ದಿನವೂ ಕಾಶವ್ವನಿಗೆ ನೆನಪಾಯಿತು. ದಾರಿ ಗೊತ್ತಿಲ್ಲವೆಂದು ಸೇವಂತಿಯನ್ನು ಜೊತೆಗೆ ಕರೆದುಕೊಂಡು ಹೋದದ್ದು ತನ್ನದೇ ತಪ್ಪು. ಶಾಲೆಯ ಟೀಚರ್‌ಬಾಯಿ ಮಗಳ ಹೆಸರೇನು ಎಂದು ಕೇಳಿದರು. ಕಾಶವ್ವ ಸೆರಗಿನ ತುದಿ ತಿರುವುತ್ತ ನಿಂತಳು. ಮತ್ತೆ ಕೇಳಿದರು. ಆಗ ಸೇವಂತಿ ಮುಂದೆ ಬಂದು, "ರಾಚವ್ವ ಅಂತ, ರಾಚವ್ವ ಖಂಡಪ್ಪ," ಎಂದು ಸಲೀಸಾಗಿ ಹೇಳಿದಳು. ಟೀಚರ್‌ಬಾಯಿ ಬರೆದುಕೊಂಡು, ಅಲ್ಲಿಂದ ಮುಂದೆ ಎಲ್ಲ ಪ್ರಶ್ನೆಗಳನ್ನೂ ಸೇವಂತಿಯ ಮುಖ ನೋಡಿಯೇ ಕೇಳಿದರು. ಕೊನೆಗೆ ಕಾಶವ್ವನ ಕಡೆ ಬೆರಳು ತೋರಿಸಿ, "ಇವರು ಮನೆಗೆಲಸಕ್ಕೇನು?" ಎಂದರು. ಸೇವಂತಿ ಗಾಬರಿಯಾಗಿ ಅಯ್ಯೋ ಅಲ್ಲ ಅಲ್ಲ ಎಂದು ಕೈ ಆಡಿಸಿದಳು. ಅವಳು ಹಾಗೆ ಕೈ ಆಡಿಸಿದ್ದನ್ನು, ತನ್ನ ಪರವಾಗಿ ನಾಚಿಕೊಂಡಿದ್ದನ್ನು ಕಾಶವ್ವ ಇವತ್ತಿಗೂ ಕ್ಷಮಿಸಿರಲಿಲ್ಲ.

ಶಾಲೆ ಹನ್ನೆರಡೂವರೆಗೆ ಬಿಡುತ್ತದೆ. ಕಾರ್ಖಾನೆಯ ಒಂದು ಗಂಟೆಯ ಭೋಂಗಾ ಕೂಗಿತು, ಹುಡುಗಿ ಬರಲಿಲ್ಲ. ಕಾಶವ್ವ ರೊಟ್ಟಿಯ ಬುಟ್ಟಿ ಮುಚ್ಚಿಟ್ಟು ಬಾಗಿಲಲ್ಲಿ ನಿಂತಳು. ಪಕ್ಕದ ಬಾಗಿಲು ತೆರೆದೇ ಇತ್ತು. ಒಳಗೆ ಸೇವಂತಿ ತೆಂಗಿನಕಾಯಿ ತುರಿಯುವ ಸದ್ದು, ಜೊತೆಗೆ ಮೆಲ್ಲಗೆ ಏನೋ ತುಳುವಿನ ಗುನುಗು. ಎಲ್ಲಿ ಹೋಗಿದ್ದಾಳೆ ಎಂದು ಕೇಳಿದರೆ ಸೇವಂತಿಗೆ ಗೊತ್ತಿರುತ್ತದೆ. ಗೊತ್ತಿರುತ್ತದೆ ಎಂಬುದೇ ಕೇಳದಿರಲು ಕಾರಣ. ಹೆತ್ತವಳು ಹೋಗಿ ಪರರ ಬಾಗಿಲಲ್ಲಿ ನಿಂತು ನನ್ನ ಮಗಳು ಎಲ್ಲಿ ಎಂದು ಕೇಳುವುದೇ? ಅವಳು ಚಪ್ಪಲಿ ಮೆಟ್ಟಿ, ಆ ಬಾಗಿಲನ್ನು ಕತ್ತು ತಿರುಗಿಸದೆ ದಾಟಿ ಶಾಲೆಯ ತನಕ ನಡೆದಳು. ಶಾಲೆಗೆ ಬೀಗ ಬಿದ್ದಿತ್ತು. ಸ್ಟೇಷನ್ನಿನ ಸೇತುವೆ ಹತ್ತಿ ಇಳಿದಳು. ಅದರ ಕೆಳಗಿನ ಉಡುಪಿ ಹೋಟೆಲಿನಲ್ಲಿ ಸೇವಂತಿಯ ಗಂಡ ಮೋನಪ್ಪ ಗಲ್ಲಾದ ಹಿಂದೆ ಕೂತಿದ್ದ. ಅವನು "ಎಂತ ಕಾಶಕ್ಕ, ಈ ಬಿಸಿಲಿಗೆ?" ಎಂದು ಎದ್ದರೂ, "ಏನಿಲ್ರಿ," ಎಂದು ಸುಳ್ಳು ಹೇಳಿ ಮುಂದೆ ಹೋದಳು. ತರಕಾರಿ ಗಾಡಿಗಳ ಸಾಲಿನಲ್ಲಿ ಕೆಂಪು ಹಸಿರು ರಿಬ್ಬನ್ನು ಹುಡುಕಿದಳು. ಕಾರ್ಖಾನೆಯ ಗೋಡೆಗೆ ಜೋತಾಡುವ ಮಕ್ಕಳಲ್ಲಿ ಹುಡುಕಿದಳು. ಕಾಲು ಸುಡುತ್ತಿತ್ತು. ಮತ್ತೆ ಚಾಳಿಗೆ ಬಂದು, ಮತ್ತೊಮ್ಮೆ ಆ ಬಾಗಿಲನ್ನು ದಾಟಿ, ತನ್ನ ಖೋಲಿಯೊಳಗೆ ಇಣುಕಿದಳು. ರೊಟ್ಟಿ ಹಾಗೇ ಇತ್ತು. ಗಡಿಯಾರದಲ್ಲಿ ಎರಡೂಕಾಲು. ಒಂದೂಕಾಲು ಗಂಟೆಯನ್ನು ತಾನು ಏನು ಮಾಡಿದೆ ಎಂದು ಆಗ ಅವಳಿಗೆ ಹೆದರಿಕೆಯಾಯಿತು.

"ರಾಚು ಬರಲಿಲ್ಲವಾ?" ಎಂದು ಹಿಂದಿನಿಂದ ಸೇವಂತಿಯೇ ಕೇಳಿದಳು. ಕೈಯಲ್ಲಿ ಇನ್ನೂ ಕಾಯಿತುರಿ ಅಂಟಿತ್ತು. "ನಾನು ಮನೆಯಲ್ಲಿ ಉಣ್ಣುತ್ತಿದ್ದಾಳೆ ಅಂತ ಇದ್ದೆ. ಕಾಶಕ್ಕ, ನಿಮಗೆ ನನ್ನ ಹತ್ತಿರ ಒಂದು ಮಾತು ಕೇಳಬಾರದಿತ್ತಾ?"

ಅವಳ ದನಿಯಲ್ಲಿ ಗದರಿಕೆ ಇತ್ತು. ಮಗಳನ್ನು ನೋಡಿಕೊಳ್ಳಲಾಗದ ದಾದಿಗೆ ಯಜಮಾನಿ ಹೇಳುವ ಹಾಗೆ ಎಂದು ಕಾಶವ್ವನಿಗೆ ಕೇಳಿಸಿತು. ಒಂಬತ್ತು ವರ್ಷದ್ದೆಲ್ಲ ಗಂಟಲಿಗೆ ಬಂತು. ಏನು ಹೇಳಿದರೆ ಇವಳಿಗೆ ತಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹೋದ ಜೂನಿನಲ್ಲಿ ನಲ್ಲಿಯ ಸಾಲಿನಲ್ಲಿ ಸೇವಂತಿಯೇ ಕಣ್ಣೊರೆಸುತ್ತ ಹೇಳಿಕೊಂಡಿದ್ದಳು. ಇಲ್ಲಿ ಒಂದೇ ಖೋಲಿ, ಮೋನಪ್ಪನಿಗೆ ಹೋಟೆಲು ಬಿಟ್ಟರೆ ಬಿಡುವಿಲ್ಲ ಎಂದು ಮಗ ದೂಜನನ್ನು ಎರಡು ವರ್ಷದವನಿದ್ದಾಗಲೇ ಕಟಪಾಡಿಯಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟದ್ದು. ಈ ಸಲ ಊರಿಗೆ ಹೋದಾಗ ಅವನು ಅಜ್ಜಿಯನ್ನು ಅಮ್ಮ ಎಂದು ಕರೆದು, ಅವಳ ಸೀರೆಯ ಹಿಂದೆ ಅಡಗಿ ನಿಂತದ್ದು. ನನ್ನನ್ನು ಅವನು ಏನೂ ಕರೆಯುವುದೇ ಇಲ್ಲ ಕಾಶಕ್ಕ, ಎಂದಿದ್ದಳು. ಅಂದು ಕಾಶವ್ವನಿಗೆ ಮರುಕವಾಗಿತ್ತು. ಮರುಕದ ಕೆಳಗೆ, ತಳ ಹಿಡಿದ ಗಂಜಿಯಂತೆ, ಒಂದಿಷ್ಟು ಸಮಾಧಾನವೂ ಅಂಟಿಕೊಂಡಿತ್ತು.

"ನನ್ನ ಮಗಳ ಚಿಂತಿ ನನಗೈತ್ರಿ, ಸೇವಂತಿಬಾಯಿ," ಎಂದಳು. "ನಿಮಗೂ ಒಬ್ಬಾಂವ ಅದಾನಲ್ಲ. ಅವಂಗ ಮೊದಲ ಅವ್ವಾ ಅನ್ನಾಕ ಕಲಸ್ರಿ. ಆಮ್ಯಾಲ ಮಂದಿ ಮಕ್ಕಳನ್ನ ಸಾಕೀರಂತ."

ಸೇವಂತಿ ಹೊಸ್ತಿಲ ಮೇಲೆ ಮೆಲ್ಲಗೆ ಕೂತು, ಬೆರಳಿಗೆ ಅಂಟಿದ ಕಾಯಿತುರಿಯನ್ನು ಒಂದೊಂದಾಗಿ ಬಿಡಿಸತೊಡಗಿದಳು. ಗ್ಯಾಲರಿಯ ಆ ತುದಿಯಲ್ಲಿ ಯಾರದೋ ರೇಡಿಯೋ ಮಧ್ಯಾಹ್ನದ ಹಾಡು ಹಾಡುತ್ತಿತ್ತು. ಅಂದದ್ದನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತೋ ಇಲ್ಲವೋ ಕಾಶವ್ವನಿಗೆ ತಿಳಿಯಲಿಲ್ಲ. ಗೆದ್ದೆ ಎಂದು ಒಂದು ಕ್ಷಣ ಅನ್ನಿಸಿದ್ದು ಮಾತ್ರ ನಿಜ.

"ಆಗರಕ್ಕೆ ಹೋಗಿರಬೇಕು," ಎಂದು ಸೇವಂತಿ ನೆಲ ನೋಡುತ್ತಲೇ ಹೇಳಿದಳು. "ರೈಲು ಪಟ್ಟಿಯ ಆಚೆ, ಉಪ್ಪಿನ ಆಗರ ಉಂಟಲ್ಲ, ಅಲ್ಲಿಗೆ. ಏಡಿ ಹಿಡಿಯಲಿಕ್ಕೆ. ಎರಡು ಸಲ ತಂದಿದ್ದಳು. ಹೋಗಬೇಡ ಅಂತ ನಾನು ಬೈದಿದ್ದೇನೆ, ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು. ಇವತ್ತು ಮೂರು ಗಂಟೆಗೆ ಭರತ. ನೀರು ಏರುವ ಹೊತ್ತು." ಎದ್ದು ಸೆರಗು ಸಿಕ್ಕಿಸಿಕೊಂಡಳು. "ಬನ್ನಿ, ನಾನೂ ಬರುತ್ತೇನೆ."

"ನೀವು ಬರಬ್ಯಾಡ್ರಿ," ಎಂದಳು ಕಾಶವ್ವ. "ನನ್ನ ಮಗಳನ್ನ ನಾ ಕರಕೊಂಡು ಬರ್ತೀನಿ."

ಅವಳು ಮೆಟ್ಟಿಲು ಇಳಿಯುವಾಗ ಮೇಲಿನಿಂದ ಸೇವಂತಿಯ ದನಿ ಬಂತು. "ಹೆಸರು ಹಿಡಿದು ಕರೆಯಿರಿ ಕಾಶಕ್ಕ. ಇಲ್ಲದಿದ್ದರೆ ಅವಳು ತಿರುಗಿಯೂ ನೋಡುವುದಿಲ್ಲ."

ಪಟ್ಟಿ ದಾಟಿ, ಗುಡಿಸಲುಗಳನ್ನು ದಾಟಿ, ಕಾಶವ್ವ ಓಡಿದಳು. ಒಂಬತ್ತು ವರ್ಷ ಈ ಊರಿನಲ್ಲಿದ್ದೂ ಈ ಕಡೆಗೆ ಅವಳು ಬಂದಿರಲಿಲ್ಲ. ಒಮ್ಮೆಲೇ ಮನೆಗಳು ಮುಗಿದು ಬಯಲು ತೆರೆದುಕೊಂಡಿತು. ಚೌಕ ಚೌಕ ನೀರಿನ ಮಡಿಗಳು, ನಡುವೆ ಮಣ್ಣಿನ ಬದುಗಳು, ಅಲ್ಲಲ್ಲಿ ಹುಲ್ಲು ಹೊದಿಸಿದ ಉಪ್ಪಿನ ರಾಶಿಗಳು. ಬಿಸಿಲಿಗೆ ಎಲ್ಲವೂ ಬೆಳ್ಳಗೆ ಕುಕ್ಕುತ್ತಿತ್ತು. ತನ್ನ ಊರಿನ ಹೊಲಕ್ಕೆ ಬದು ಹಾಕಿ ನೀರು ನಿಲ್ಲಿಸಿದರೆ ಹೀಗೇ ಕಾಣುತ್ತಿತ್ತೇನೋ ಎಂದು ಓಡುತ್ತಲೇ ಅನ್ನಿಸಿತು, ಇಂಥ ಹೊತ್ತಿನಲ್ಲಿ ಅದು ನೆನಪಾದದ್ದಕ್ಕೆ ನಾಚಿಕೆಯೂ ಆಯಿತು. ಕೊನೆಯ ಬದುವಿನ ಆಚೆ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಾಲುವೆ. ಹೋದ ವರ್ಷ ಅದರ ಕೆಸರಿನಲ್ಲಿ ಗೌಳಿಯ ಎಮ್ಮೆಯೊಂದು ಹೂತು ಹೋಗಿ, ಹತ್ತು ಜನ ಹಗ್ಗ ಹಾಕಿದರೂ ಬರಲಿಲ್ಲ ಎಂದು ಖಂಡಪ್ಪ ಉಣ್ಣುತ್ತ ಹೇಳಿದ್ದ. ಕಾಲುವೆಗೆ ಅಡ್ಡ ಒಂದೇ ಹಲಗೆ, ಹಿಡಿಯಲು ಏನೂ ಇಲ್ಲ. ಹಲಗೆಯ ಆ ಕೊನೆಗೆ, ನೀರು ಬಿಡುವ ಮರದ ಬಾಗಿಲಿನ ತೊಲೆಯ ಮೇಲೆ, ಬೆನ್ನು ಮಾಡಿ ಕುಕ್ಕುರುಗಾಲಲ್ಲಿ ಕೂತಿತ್ತು ಅವಳದು. ಒಂದು ಜಡೆಗೆ ಕೆಂಪು, ಒಂದು ಜಡೆಗೆ ಹಸಿರು. ಪಕ್ಕದಲ್ಲಿ ಒಂದು ಡಾಲ್ಡಾ ಡಬ್ಬಿ. ಆಚೆಯ ಬದು ಆಗಲೇ ಅರ್ಧ ಮುಳುಗಿ, ನೀರಿನ ಕೆಳಗೇ ಗಿಡಗಳ ಪೊದೆಯೊಳಗೆ ಹೊಕ್ಕು ಕಾಣೆಯಾಗಿತ್ತು. ಕಂದು ನೀರು ಸದ್ದಿಲ್ಲದೆ ಬಂದು ಹಲಗೆಯ ಹೊಟ್ಟೆಗೆ ತಾಗುತ್ತಿತ್ತು.

"ಏ ಹುಡುಗೀ!" ಎಂದು ಕೂಗಿದಳು. ಉಪ್ಪಿನ ಬುಟ್ಟಿ ಹೊತ್ತಿದ್ದ ಎರಡು ಹುಡುಗಿಯರು ದೂರದ ಬದುವಿನಲ್ಲಿ ನಿಂತು ಇವಳ ಕಡೆ ನೋಡಿದರು. ಅವಳದು ನೋಡಲಿಲ್ಲ. "ಯವ್ವಾ! ತಂಗೀ!" ಗಾಳಿ ಎದುರಿಗಿತ್ತು. ಹಲಗೆಯ ಮೇಲೆ ತಾನೇ ಹೋಗೋಣವೆಂದು ಕಾಲಿಟ್ಟಳು. ಅದು ಬಾಗಿ ನೀರು ಬೆರಳನ್ನು ಮುಟ್ಟಿತು. ಆಗ ಅವಳಿಗೆ ತಗಡಿನ ಸದ್ದು ಮತ್ತೆ ಕೇಳಿಸಿತು. ಈಗ ಅದು ತಿರುಗಿ ತಾಯಿಯ ಮುಖ ಕಂಡರೆ ಹಾರುತ್ತದೆ. ಆ ಕಡೆಗೆ ಹಾರುತ್ತದೆ, ಮುಳುಗುತ್ತಿರುವ ಬದುವಿನ ಕಡೆಗೆ. ಕಾಶವ್ವ ಕಾಲು ಹಿಂದೆ ತೆಗೆದುಕೊಂಡಳು. ಹತ್ತಿರದ ಉಪ್ಪಿನ ರಾಶಿಯ ಮರೆಗೆ ಸರಿದು ನಿಂತಳು. ಅತ್ತೆಯ ಮುಖ ನೆನಪು ಮಾಡಿಕೊಂಡಳು, ತಪ್ಪಾಯಿತು ಅಂತಲೂ ಅಂದುಕೊಂಡಳು, ಬಾಯಿ ತೆರೆದಳು. ಹೆಸರು ಅರ್ಧ ಬಂದು ಒಡೆದು ಹೋಯಿತು. ಅದನ್ನು ಹೇಗೆ ಕರೆಯಬೇಕೆಂದು ಅವಳ ಗಂಟಲಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ರೀತಿ, ದಿನಾ ಬೆಳಿಗ್ಗೆ ಗೋಡೆಯ ಆಚೆಯಿಂದ ಕೇಳಿ ಕೇಳಿ, ಹಲ್ಲು ಕಚ್ಚಿ ಕಚ್ಚಿ ಬಾಯಿಪಾಠವಾದದ್ದು. ಕೊನೆಯ ಅಕ್ಷರವನ್ನು ಮೇಲಕ್ಕೆ ಎತ್ತಿ, ಸ್ವಲ್ಪ ನಗುತ್ತ ಎಳೆಯುವುದು.

"ರಾಚೂ!"

"ಬಂದೆ ಮಾವಶೀ!" ಎಂದಿತು ಹುಡುಗಿ, ತಿರುಗದೆಯೇ. ದನಿಯಲ್ಲಿ ಎಂಥ ಖುಷಿ. ಅಂಥ ಖುಷಿಯ ದನಿ ತನ್ನ ಕಡೆಗೆ ಬಂದದ್ದನ್ನು ಕಾಶವ್ವ ಕೇಳಿರಲೇ ಇಲ್ಲ. "ಮೂರು ಖೇಕಡಾ ಸಿಕ್ಕಾವು! ಒಂದು ಭಾಳ ದೊಡ್ಡದೈತಿ!" ಡಬ್ಬಿ ಎದೆಗವಚಿಕೊಂಡು ಎದ್ದು, ಕಣ್ಣನ್ನು ಪಾದದ ಮೇಲೆಯೇ ನೆಟ್ಟು ಹಲಗೆಯ ಮೇಲೆ ಹೆಜ್ಜೆ ಇಟ್ಟಿತು. ನೀರು ಈಗ ಹಲಗೆಯ ಮೇಲೆ ಹರಿಯುತ್ತಿತ್ತು. ಕಾಶವ್ವ ಹುಲ್ಲಿನ ಸಂದಿಯಿಂದ ಆ ಎರಡು ಕಾಲುಗಳನ್ನು ಮಾತ್ರ ನೋಡುತ್ತಿದ್ದಳು. ಅರ್ಧ ದಾರಿಯಲ್ಲಿ ಕಾಲು ನಿಂತವು.

"ಮಾವಶೀ."

ಉತ್ತರ ಕೊಡಬೇಕಾಗಿತ್ತು. ಕೊಡದಿದ್ದರೆ ತಲೆ ಎತ್ತಿ ಹುಡುಕುತ್ತದೆ.

"ಎಂತ?" ಎಂದಳು ಕಾಶವ್ವ.

"ಅವ್ವಗ ಹೇಳಬ್ಯಾಡ ಹಾಂ. ಅಕಿ ಜಿಗುಟತಾಳ."

ಉಪ್ಪಿನ ರಾಶಿಯ ಹುಲ್ಲನ್ನು ಅವಳು ಎರಡೂ ಕೈಯಿಂದ ಹಿಡಿದುಕೊಂಡಳು. ಹಲಗೆಯ ಮೇಲೆ ಕಾಲುಗಳು ಕಾಯುತ್ತಿದ್ದವು, ನೀರು ಹಿಮ್ಮಡಿಯನ್ನು ದಾಟಿತ್ತು.

"ಇಲ್ಲ ಮಾರಾಯ್ತಿ, ಹೇಳುವುದಿಲ್ಲ," ಎಂದಳು. "ಬಾ. ಮೆಲ್ಲ ಬಾ ರಾಚೂ."

ಕಾಲುಗಳು ಮತ್ತೆ ನಡೆದವು. ಒಂದು, ಇನ್ನೊಂದು, ಒಮ್ಮೆ ಜಾರಿ ಸಾವರಿಸಿಕೊಂಡು ಮತ್ತೊಂದು. ಹೆಸರನ್ನು ಅವಳು ಒಂಬತ್ತು ವರ್ಷದ್ದೆಲ್ಲ ಸೇರಿಸಿ ಕರೆದಳು, ರಾಚೂ ರಾಚೂ ಎಂದು, ಸೇವಂತಿಯ ರಾಗ ಒಂದೆಳೆಯೂ ತಪ್ಪದಂತೆ. ಬದುವಿನ ಮಣ್ಣಿಗೆ ಮಗಳ ಕಾಲು ತಾಗಿದ್ದೇ ಮರೆಯಿಂದ ಬಂದು ರೆಟ್ಟೆ ಹಿಡಿದುಕೊಂಡಳು. ಹೋದ ವಾರ ಜಿಗುಟಿದ ಜಾಗದ ಮೇಲೆಯೇ ಅವಳ ಹೆಬ್ಬೆರಳು ಬಿದ್ದಿತು. ಬಿಡಲಿಲ್ಲ, ಒತ್ತಲೂ ಇಲ್ಲ.

ಹುಡುಗಿ ಬೆಚ್ಚಿ ತಾಯಿಯ ಮುಖ ನೋಡಿತು. ಆಮೇಲೆ ಬಗ್ಗಿ ಅವಳ ಬೆನ್ನ ಹಿಂದೆ, ಉಪ್ಪಿನ ರಾಶಿಯ ಆ ಬದಿಗೆ, ಖಾಲಿ ಬದುವಿನ ಉದ್ದಕ್ಕೂ ನೋಡಿತು.

"ಮಾವಶಿ ಎಲ್ಲಿ?"

ಡಬ್ಬಿಯೊಳಗೆ ಏಡಿಗಳು ಪರಪರ ತಗಡು ಕೆರೆಯುತ್ತಿದ್ದವು. ಕಾಶವ್ವ ಅದನ್ನು ಮಗಳ ಕೈಯಿಂದ ತನ್ನ ಕೈಗೆ ತೆಗೆದುಕೊಂಡಳು.

"ಮನ್ಯಾಗ ಅದಾಳ," ಎಂದಳು. "ನಡಿ. ಆಕಿಗೆ ಕೊಟ್ಟು ಬರೂಣು."